ಬಕ್ರೀದಿನ ಬಟ್ಟಲು

ಅರಬ್ಬಿ ಹೆಂಗಸು ಜಮೀಲಾ ಚಾಚಿದ ಖರ್ಜೂರದ ಬಟ್ಟಲನ್ನು ಕಮಲಾಕ್ಷಮ್ಮ ಮುಟ್ಟಲಿಲ್ಲ. ೧೯೩೯ರ ಬಕ್ರೀದಿನ ರಜೆಗೆ ಎರಡೂ ಮನೆಯವರು ಅರಬ್ಬರ ನಾಡಿನ ಏಡನ್ನಿನ ಕಡಲ ದಂಡೆಗೆ ಬಂದಿದ್ದರು. ಪಕ್ಕದ ಮನೆಯವಳಾದರೇನು, ಮಾಂಸ ಮುಟ್ಟಿದ ಕೈ.

"ಇಸ್ಕೊಳೇ," ಎಂದ ಗಂಡ ಚನ್ನಬಸವಯ್ಯ, ಬಂದರಿನ ಗುಮಾಸ್ತ. "ನಾಳಿದ್ದು ಎಂಗೂ ಕೊಣನೂರಿಗೆ ವೊಂಟೋಗ್ತೀಯ. ಇವತ್ತೊಂದಿನ ಮಕ ಸರಿಯಾಗಿ ಇಟ್ಕೋ."

ಎಂಟು ತಿಂಗಳಿಂದ ಮಾತಿಗೊಂದು ಹೆಣ್ಣುಜೀವವಿಲ್ಲವೆಂದು ಅತ್ತು, ಜಗಳವಾಡಿ, ಅವಳು ಒಬ್ಬಳೇ ಊರಿಗೆ ಹೋಗಲು ಹಡಗಿನ ಟಿಕೀಟು ತೆಗೆಸಿದ್ದಳು.

ಜಮೀಲಾ ಹೋಗಲಿಲ್ಲ. ತಮ್ಮ ಮಾಂಸದ ಪಾತ್ರೆಯನ್ನು ತೋರಿಸಿ ಇದು ಅದಕ್ಕೆ ಸೋಕಿದ್ದಲ್ಲವೆಂದು ತಲೆಯಾಡಿಸಿದಳು. ಬಟ್ಟಲನ್ನು ತಟ್ಟಿದಳು. ಮಸಿ ತಾಗದ ಹೊಸ ಮಣ್ಣಿನ ಬಟ್ಟಲು. ಆಮೇಲೆ ಕಮಲಾಕ್ಷಮ್ಮನ ಕೊರಳ ಲಿಂಗದ ಕರಡಿಗೆಯತ್ತ ಬೆರಳು ಮಾಡಿ ನಕ್ಕಳು. ಇವಳ ಆಚಾರವನ್ನೆಲ್ಲ ಅವಳು ಗೋಡೆಯಾಚೆಯಿಂದ ನೋಡಿ ತಿಳಿದಿದ್ದಳು.

ಕಮಲಾಕ್ಷಮ್ಮ ಖರ್ಜೂರವನ್ನು ಸೆರಗಿಗೆ ಸುರಿದುಕೊಂಡಳು. ಬರಿದಾದ ಬಟ್ಟಲು ಹಿಂದಿರುಗಿಸಬಾರದೆಂದು ಬುತ್ತಿಯ ತಂಬಿಟ್ಟನ್ನೆಲ್ಲ ಅದಕ್ಕೆ ತುಂಬಿದಳು.

"ಊರಿಗೆ ಓಗೋಳಿಗೆ ಯಾಕೆ ಇಷ್ಟೊಂದು ಉಪಚಾರ?" ಎಂದ ಚನ್ನಬಸವಯ್ಯ.

"ಇನ್ನೆರಡು ತಿಂಗ್ಳಿಗೆ ಯುಗಾದಿ," ಎಂದಳು. "ನಮ್ಮನೆಗೆ ಒಬ್ಬಟ್ಟಿಗೆ ಬಾ ಅಂತ ಅವಳ ಮಾತಲ್ಲಿ ಎಂಗೆ ಏಳೋದು? ಅದ ಏಳ್ಕೊಡಿ."