ಹೂ ಹೋಗಿ ತಗ್ಗು ಬಂತು

“ಈ ತಗ್ಗು ಎಲ್ಲಿಂದ ಬಂತು?” ಎಂದು ಸೋಫಾ ಅಂಗಡಿಯ ಸಾಹುಕಾರರು ಕಂಪ್ಯೂಟರಿನ ಪರದೆಗೆ ಬೆರಳು ಚುಚ್ಚಿದರು. “ನನ್ನ ಸೋಫಾ ಹೊಚ್ಚ ಹೊಸದು. ಅದರ ಮೇಲೆ ಒಂದು ನೊಣಾನೂ ಕೂತಿಲ್ಲ!”

ಫೋಟೊ ತಿದ್ದುವವಳು ಮೌಸಿನ ಮೇಲಿನ ಕೈ ಹಿಂದಕ್ಕೆ ತೆಗೆದಳು. ಸ್ಟುಡಿಯೊದಲ್ಲಿ ಎಲ್ಲರೂ ಅವಳನ್ನು ಅಳಿಸಕ್ಕ ಎಂದೇ ಕರೆಯುವುದು. ಹೂವಿನ ಬಟ್ಟೆ ಹೊದಿಸಿದ್ದ ಸೋಫಾದ ಫೋಟೊದಿಂದ ಹೂಗಳನ್ನೆಲ್ಲ ಅಳಿಸಿ, ಅದನ್ನು ಬೂದುಬಣ್ಣದ ಸಾದಾ ಸೋಫಾ ಮಾಡಿಕೊಡಬೇಕಿತ್ತು. ಬೂದು ಬಟ್ಟೆ ಇನ್ನೂ ಹೊಲಿಗೆಗೇ ಹೋಗಿರಲಿಲ್ಲ, ಜಾಹೀರಾತು ಮಾತ್ರ ನಾಳೆಯೇ ಬರಬೇಕು! ಮೊದಲ ಸಲ ಅವಳು ಹೂವಿನ ಜೊತೆ ನೆರಳನ್ನೂ ಒರೆಸಿ ಹಾಕಿದ್ದಳು. ‘ಇದೇನು ಸೋಫಾನೋ, ಇಸ್ತ್ರಿ ಹಲಗೆನೋ?’ ಎಂದು ಸಾಹುಕಾರರು ವಾಪಸ್ ಕಳಿಸಿದ್ದರು. ಈ ಸಲ ಎರಡು ದಿನ ಕೂತು, ಒಂದೊಂದೇ ಎಸಳು ಕಿತ್ತು, ಮಡಿಕೆ, ನೆರಳು, ಹೊಲಿಗೆಯ ಸುಕ್ಕು ಯಾವುದೂ ಅಲುಗದಂತೆ ಉಳಿಸಿದ್ದಳು. ಹೂವಿನ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದಿದ್ದ ತಗ್ಗೊಂದು ಈಗ ನಡುವಿನ ಸೀಟಿನಲ್ಲಿ ಬಾಣಲೆಯ ಹಾಗೆ ಕಾಣುತ್ತಿತ್ತು.

“ಇದೂ ವಾಪಸ್ ಬಂದ್ರೆ ನಾಳೆಯಿಂದ ನೀನು ಬರಬೇಡ” ಎಂದು ಸ್ಟುಡಿಯೊ ಯಜಮಾನ ಬೆಳಿಗ್ಗೆಯೇ ಹೇಳಿದ್ದ. ಈಗ ಬಾಗಿಲ ಬಳಿ ಕೈಕಟ್ಟಿ ನಿಂತು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

ತಗ್ಗು ಯಾರದೆಂದು ಅಳಿಸಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಫೋಟೊ ತೆಗೆದ ದಿನ, ದೀಪ ಅತ್ತ ಸರಿಸಿ, ಇತ್ತ ಸರಿಸಿ ಎಂದು ಅಪ್ಪಣೆ ಕೊಡಿಸುತ್ತ ಸಾಹುಕಾರರು ಅದೇ ಸೀಟಿನಲ್ಲಿ ಒಂದೂವರೆ ಗಂಟೆ ವಿರಾಜಮಾನರಾಗಿದ್ದರು. ಅವರು ಎದ್ದ ಮರುಗಳಿಗೆಯೇ ಕ್ಯಾಮೆರಾ ಕ್ಲಿಕ್ ಎಂದಿತ್ತು. ಆದರೆ ಹೇಳುವುದು ಹೇಗೆ? ಬಾಯಿ ಬಿಟ್ಟರೆ ಗಿರಾಕಿಗೆ ಅವಮಾನ, ಮುಚ್ಚಿಕೊಂಡರೆ ತನ್ನ ತಪ್ಪು. ಎರಡರಲ್ಲೂ ಹೋಗುವುದು ಅವಳ ಕೆಲಸವೇ.

“ನಾನು ಮಾಡಿದ್ದಲ್ಲ ಸರ್. ಫೋಟೊದಲ್ಲೇ ಇತ್ತು.”

“ಫೋಟೊದಲ್ಲೇ ಇತ್ತಂತೆ! ಹಾಗಾದ್ರೆ ಯಾರು ಕೂತಿದ್ರು, ಹೇಳು ನೋಡೋಣ?”

ಗಂಡನ ಜೊತೆ ಬಂದು, ಅದುವರೆಗೆ ಮೂಲೆಯಲ್ಲಿ ಫೋನ್ ಒತ್ತುತ್ತ ಕೂತಿದ್ದ ಸಾಹುಕಾರರ ಹೆಂಡತಿ ಕನ್ನಡಕ ಏರಿಸಿಕೊಂಡು ಪರದೆಯತ್ತ ಬಗ್ಗಿದರು.

“ಅಯ್ಯೋ, ಇದು ನಿಮ್ದೇ ಅಲ್ವೇನ್ರೀ! ಎಡಗಡೆ ಆಳ, ಬಲಗಡೆ ಸ್ವಲ್ಪ ಮೇಲೆ. ಇಪ್ಪತ್ತಾರು ವರ್ಷದಿಂದ ನಮ್ಮನೆ ಹಾಸಿಗೆ ಮೇಲೆ ನೋಡ್ತಿದ್ದೀನಿ, ನಂಗೆ ಗೊತ್ತಾಗಲ್ವಾ?”

ಬಾಗಿಲ ಬಳಿಯಿದ್ದ ಸ್ಟುಡಿಯೊ ಯಜಮಾನನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಸಾಹುಕಾರರ ಕಿವಿ ಕೆಂಪಾದವು.

“ಸುಮ್ನಿರೇ ನೀನು! ಏನಮ್ಮ, ಅಳಿಸು ಅದನ್ನ!”

“ಅಳಿಸಿದ್ರೆ ಮತ್ತೆ ಹಲಗೆನೇ ಆಗುತ್ತೆ” ಎಂದು ಹೆಂಡತಿ ತಡೆದರು. “ಇದನ್ನ ನೋಡಿದ್ರೆ ಹೋಗಿ ಕೂತ್ಕೋಬೇಕು ಅನ್ಸುತ್ತೆ. ತುಂಬಾ ಚೆನ್ನಾಗಿ ಮಾಡಿದ್ದೀಯಮ್ಮ.”

ಅಳಿಸಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಸಾಹುಕಾರರು ಮುಖ ಗಂಟಿಕ್ಕಿಕೊಂಡೇ ಒಪ್ಪಿಗೆಯ ಕಾಗದಕ್ಕೆ ಸಹಿ ಗೀಚಿದರು. ಆಮೇಲೆ ಹೆಂಡತಿಯೂ ಯಜಮಾನನೂ ಹೊರಗೆ ಹೋಗುವವರೆಗೆ ಕಾದು, ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

“ಇರಲಿ ಬಿಡಮ್ಮ. ಆದ್ರೆ ಅಗಲ ಒಂದು ನಾಲ್ಕು ಬೆರಳು ಕಮ್ಮಿ ಮಾಡೋಕಾಗುತ್ತಾ?”