ಅಪ್ಪ ಬೇಡವೆಂದ ಆಟ

"ಯಾರೋ ಹೇಳ್ಕೊಟ್ಟವ್ರೆ ಅಣ್ಣಾ," ಎಂದಳು ತೆನ್ಮೊಳಿ, ಒಡೆದ ತುಟಿಯ ರಕ್ತ ಉಗಿಯುತ್ತ. "ನೀ ಬಾಯ್ ಬುಟ್ರೆ ಸಾಕು, ಅವ್ಳಿಗ್ ಗೊತ್ತಾಗೋಯ್ತದೆ."

ಮೊದಲ ಸುತ್ತು ಆಗಷ್ಟೇ ಮುಗಿದಿತ್ತು. ಕೊಯಮತ್ತೂರಿನ ಕಲ್ಯಾಣಮಂಟಪವೊಂದರ ನಡುವೆ ಬಲೆಯ ಪಂಜರ ಕಟ್ಟಿದ್ದರು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂದರೆ ಗುದ್ದು, ಒದೆ, ಕುಸ್ತಿ ಎಲ್ಲವೂ ಒಂದರಲ್ಲೇ. ಐದೈದು ನಿಮಿಷದ ಮೂರು ಸುತ್ತು. ಅಣ್ಣ ಮಣಿ ತಂಗಿಯ ಮುಖಕ್ಕೆ ಐಸ್ ಒತ್ತುತ್ತ ಸುತ್ತಲೂ ನೋಡಿದ. ಅವನಿಗೂ ಅದೇ ಅನುಮಾನ ಬಂದಿತ್ತು.

ಇದುವರೆಗೆ ಆರು ಪಂದ್ಯ ಗೆದ್ದದ್ದು ಒಂದೇ ಉಪಾಯದಿಂದ. ಉಳಿದವರ ಕಡೆಯವರು ಹೊರಗೆ ನಿಂತು ತಮಿಳಿನಲ್ಲಿ ಕೂಗುತ್ತಾರೆ. ಅದು ಎದುರಾಳಿಗೂ ಅರ್ಥವಾಗುತ್ತದೆ. ಮಣಿ ಕೂಗುವುದು ಮನೆಯ ಕನ್ನಡದಲ್ಲಿ. ಮಗ್ಗದ ಮುಂದೆ, ಒಲೆಯ ಮುಂದೆ ತಲೆಮಾರುಗಳಿಂದ ಆಡಿಕೊಂಡು ಬಂದ, ಹೊಸಿಲು ದಾಟಿದರೆ ಯಾರಿಗೂ ಬೇಡದ ಮಾತು. ಎದುರಾಳಿಗಳು ಕಣ್ಣು ಕಣ್ಣು ಬಿಡುತ್ತಿದ್ದರು.

"ಕಣ್ಣನ್ನೇ," ಎಂದ ಮಣಿ ಹಲ್ಲು ಕಚ್ಚಿ. ತಂಗಿಯ ಜೊತೆ ಎರಡು ವರ್ಷ ಅಭ್ಯಾಸ ಮಾಡಿದ್ದ ಕಣ್ಣನ್ ಹೋದ ತಿಂಗಳು ಪೊಳ್ಳಾಚಿಯ ಜಿಮ್ ಸೇರಿದ್ದ. ಎದುರಾಳಿ ಸತ್ಯಾ ಪಳಗಿದ್ದೂ ಅಲ್ಲೇ. "ನಮ್ ಮಾತೆಲ್ಲ ಅವ್ಳಿಗ್ ಕಲ್ಸವ್ನೆ. ಸಿಗ್ಲಿ ಅವ್ನು."

ತೆನ್ಮೊಳಿ ಸೋಲುವಂತಿರಲಿಲ್ಲ. ಜನವರಿಯಲ್ಲಿ ಒಮ್ಮೆ ಸೋತಾಗಿತ್ತು. ಇಪ್ಪತ್ತೊಂಬತ್ತರ ಹೆಣ್ಣು ಇನ್ನೊಮ್ಮೆ ಸೋತರೆ ಯಾವ ಆಯೋಜಕನೂ ಕರೆಯುವುದಿಲ್ಲ. ಗೆದ್ದರೆ ಬರುವ ತಿಂಗಳು ಚೆನ್ನೈನಲ್ಲಿ ಚಾಂಪಿಯನ್ ಪಟ್ಟಕ್ಕೆ ಕಾಳಗ. ಹದಿಮೂರು ವರ್ಷ ಮೈ ಮುರಿದುಕೊಂಡದ್ದು ಅದೊಂದಕ್ಕಾಗಿ.

ಸಾಲದ್ದಕ್ಕೆ ಅಪ್ಪ ಮಾರಿಮುತ್ತು ಬಂದು ಕೂತಿದ್ದ, ಇದೇ ಮೊದಲ ಸಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದು ಈ ಅಪ್ಪ ಮಗಳಿಗೇ ಹೇಳಿ ಮಾಡಿಸಿದ ಮಾತು. ಅವಳಿಗೆ ಹದಿನಾರಾಗಿದ್ದಾಗ, "ತುಡಿಯಲೂರಲ್ಲಿ ಒಂದ್ ಜಿಮ್ ಮಾಡವ್ರಂತೆ, ಪೊಲೀಸ್ ಠಾಣೆ ಹಿಂದ್ಗಡೆ, ಹೊಡೆದಾಟ ಕಲಿಸ್ತಾರಂತೆ. ಆ ಕಡೆ ತಲೆ ಹಾಕ್ದೆ ಅಂದ್ರೆ ಕಾಲ್ ಮುರೀತೀನಿ," ಎಂದಿದ್ದ. ಅಲ್ಲಿಯವರೆಗೆ ಅಂಥದ್ದೊಂದು ಜಾಗ ಇರುವುದೇ ಅವಳಿಗೆ ಗೊತ್ತಿರಲಿಲ್ಲ. ಮರುದಿನವೇ ಹೋಗಿ ಸೇರಿದಳು. "ದಿನಕ್ ಆರು ಮೊಟ್ಟೆ ಗಂಡಸ್ರು ತಿನ್ನೋದು," ಎಂದ. ಆರು ತಿಂದಳು. ಅಪ್ಪನ ಬೈಗುಳವೂ ನಿಲ್ಲಲಿಲ್ಲ, ಮನೆಯಲ್ಲಿ ಮೊಟ್ಟೆಯೂ ಮುಗಿಯಲಿಲ್ಲ. ಇದ್ದರೆ ಇಂಥ ಹಟ ಇರಬೇಕು. ಅಡ್ಡ ನಿಂತವನು ಹೆತ್ತ ಅಪ್ಪನಾದರೂ ಸರಿ, ದಾಟಿಕೊಂಡೇ ಹೋಗಬೇಕು.

ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದ ಮಾರಿಮುತ್ತು ಪಕ್ಕದವನನ್ನು ಒಂದೇ ಒಂದು ಪ್ರಶ್ನೆ ಕೇಳಿದ, ಆ ಇನ್ನೊಬ್ಬ ಹುಡುಗಿ ಯಾವ ಊರಿನವಳು ಎಂದು. ಮಡತ್ತುಕುಳಂ ಎಂದ ಆತ. ಗಂಟೆ ಹೊಡೆಯಿತು.

ಎರಡನೆಯ ಸುತ್ತಿನಲ್ಲಿ ಮಣಿ ಬಾಯಿಗೆ ಬೀಗ ಹಾಕಿಕೊಂಡ. ಅಣ್ಣನ ದನಿ ಇಲ್ಲದೆ ತೆನ್ಮೊಳಿ ತಡಬಡಿಸಿದಳು. ಎರಡೇ ನಿಮಿಷದಲ್ಲಿ ಎಡಗಣ್ಣು ಊದಿ ಮುಚ್ಚಿತು. ಬೆನ್ನು ಬಲೆಗೆ ತಾಗಿತು.

ಆಗ ಅಪ್ಪ ಎದ್ದು ನಿಂತು ಕೂಗಿದ, ಮನೆಯ ಮಾತಿನಲ್ಲೇ. "ಮೂತಿಗ್ ಗುದ್ದು! ನಿಂತ್ಕೊಂಡೇ ಗುದ್ದು! ಕಾಲಿಗ್ ಕೈ ಹಾಕ್ಬೇಡ!"

"ಅಪ್ಪಾ, ಸುಮ್ಕಿರು!" ಮಣಿ ಕಿರುಚಿದ. "ಅವ್ಳಿಗ್ ಎಲ್ಲಾ ತಿಳೀತದೆ!"

ತೆನ್ಮೊಳಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಹದಿಮೂರು ವರ್ಷ ಬೇಡ ಬೇಡ ಎಂದ ಮನುಷ್ಯ ಈಗ ಪಾಠ ಹೇಳಲು ಬಂದಿದ್ದಾನೆ! ಅವನ ಮಾತು ಕೇಳಿ ಗೆಲ್ಲುವುದಕ್ಕಿಂತ ಸೋತು ಹೋಗುವುದೇ ಮೇಲು. ಬಗ್ಗಿದವಳೇ ಕಾಲುಗಳಿಗೆ ಕೈ ಹಾಕಿದಳು. ಸತ್ಯಾಳ ಎರಡೂ ಕೈ ಮುಖದ ಮುಂದೆ ಕಾವಲಿದ್ದವು. ಕಾಲು ಕಾಯಲಾಗದೆ ಅವಳು ದೊಪ್ಪನೆ ಬಿದ್ದಳು.

"ಕೈ ಬುಡು! ಕುತ್ತಿಗೆ ಹಿಡಿ, ಕುತ್ತಿಗೆ!" ಅಪ್ಪ ಮತ್ತೆ ಕೂಗಿದ.

ಸತ್ಯಾ ಗದ್ದವನ್ನು ಎದೆಗೊತ್ತಿ ಕುತ್ತಿಗೆ ಕಾದುಕೊಂಡಳು. ತೆನ್ಮೊಳಿ ಅವಳ ಬಲಗೈಯನ್ನೇ ಹಿಡಿದು, ತೊಡೆಗಳ ನಡುವೆ ಸಿಕ್ಕಿಸಿ, ಹಿಂದಕ್ಕೆ ಬಾಗಿದಳು. ಮೊಣಕೈ ಮುರಿಯುವ ಮುನ್ನ ಸತ್ಯಾ ಇನ್ನೊಂದು ಕೈಯಿಂದ ನೆಲ ತಟ್ಟಿದಳು. ಸೋಲೊಪ್ಪಿದೆ ಎಂದು ಅರ್ಥ.

ಮಂಟಪ ಎದ್ದು ಕೂಗಿತು. ತೆನ್ಮೊಳಿ ಪಂಜರದಿಂದ ಇಳಿದು ನೇರ ಅಪ್ಪನ ಮುಂದೆ ನಿಂತಳು.

"ನೋಡ್ದ್ಯಾ? ನೀ ಹೇಳಿದ್ ಒಂದೂ ಕೇಳ್ಲಿಲ್ಲ. ಅದ್ಕೇ ಗೆದ್ದೆ."

"ನೋಡ್ದೆ, ನೋಡ್ದೆ," ಎಂದ ಮಾರಿಮುತ್ತು ಹುಬ್ಬು ಗಂಟಿಕ್ಕಿ. "ಇಲ್ಲಿಗ್ ಸಾಕು. ಚೆನ್ನೈಗೆ ಗಿನ್ನೈಗೆ ಹೋಗ್ಬೇಡ."

"ಹೋಗೇ ಹೋಗ್ತೀನಿ. ಏನ್ ಮಾಡ್ತೀಯೋ ಮಾಡು." ತೆರೆದಿದ್ದ ಒಂದೇ ಕಣ್ಣಿನಿಂದ ಅವನನ್ನು ದುರುಗುಟ್ಟಿ ನೋಡಿ, ತಲೆಯೆತ್ತಿ ನಡೆದಳು.

ಅವಳು ಅತ್ತ ಹೋದ ಮೇಲೆ ಸತ್ಯಾ ಕೈ ಹಿಡಿದುಕೊಂಡು ಬಂದಳು. "ಮಾಮಾ," ಎಂದಳು, ಇವರ ಮನೆಯವಳೇ ಎನ್ನುವಂಥ ಕನ್ನಡದಲ್ಲಿ. "ಅವ್ರಣ್ಣನ ಮಾತ್ ನಂಬಿ ಮೊದಲ್ನೇ ಸುತ್ತು ಗೆದ್ದೆ. ನಿಮ್ ಮಾತ್ ನಂಬಿ ಕೆಟ್ಟೆ."

"ಹಂಗಾದ್ರೆ ಕಣ್ಣನ್ ಅಲ್ವಾ!" ಎಂದ ಮಣಿ.

"ಮಡತ್ತುಕುಳದಲ್ಲಿ ನಮ್ ಮಾತಾಡೋರು ಇಲ್ದೇ ಇರ್ತಾರಾ ಕಣಮ್ಮಾ," ಎಂದ ಮಾರಿಮುತ್ತು ಮೆತ್ತಗೆ. "ಪರ್ವಾಗಿಲ್ಲ, ನೀನಿನ್ನೂ ಚಿಕ್ಕೋಳು. ಹೋಗಿ ಕೈಗ್ ಐಸ್ ಇಡು."

"ಅಲ್ಲಪ್ಪಾ," ಮಣಿ ಅಪ್ಪನ ಕಡೆ ತಿರುಗಿದ. "ತಂಗಿ ನಿನ್ ಮಾತ್ ಕೇಳ್ಬುಟ್ಟಿದ್ರೆ?"

"ಯಾವತ್ ಕೇಳವ್ಳೆ?"

ಅಷ್ಟರಲ್ಲಿ ಮನೆಯಿಂದ ಹೆಂಡತಿ ಸುಶೀಲಳ ಫೋನ್ ಬಂತು. ಮಾರಿಮುತ್ತು ಮಗಳು ಹೋದ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಗೆದ್ಲು. ಚೆನ್ನೈಗೆ ರೈಲ್ ಟಿಕೆಟ್ ಹಾಕ್ಸು ಸುಶೀಲಾ, ಹೋಗ್ಬೇಡ ಅಂತ ಹೇಳಿವ್ನಿ."