ಸಾಲಿನಲ್ಲಿ ಒಂದು ಜೊತೆ ಚಪ್ಪಲಿ

ದರ್ಜಿ ಕೆಮ್ಮಿದ್ದು ಒಂದೇ ಸಲ. ಅದೂ ಬಾಯಿಗೆ ಮೊಣಕೈ ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ. ಆದರೂ ಔಷಧಿ ಅಂಗಡಿಯ ಪಕ್ಕದ ನೆರಳಲ್ಲಿ ಭುಜಕ್ಕೆ ಭುಜ ತಾಗಿಸಿ ಹರಟುತ್ತಿದ್ದ ಜನ ಹಾವು ಕಂಡವರಂತೆ ಚೆಲ್ಲಾಪಿಲ್ಲಿಯಾದರು.

ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳಿದ್ದವು, ಒಬ್ಬರಿಗೆ ಒಂದು. ಆ ಬಿಸಿಲಲ್ಲಿ ನಿಲ್ಲುವವರು ಯಾರು? ಎಲ್ಲರೂ ವೃತ್ತದೊಳಗೆ ಚಪ್ಪಲಿ ಬಿಟ್ಟು ತಾವು ನೆರಳು ಸೇರಿದ್ದರು. ಅಂತರ ಕಾಯುವ ಕೆಲಸ ಚಪ್ಪಲಿಗಳದ್ದು, ಬೀದಿಯ ಸುದ್ದಿ ಹಂಚುವ ಕೆಲಸ ಮನುಷ್ಯರದ್ದು. ಈಗ ಎಲ್ಲರೂ ಎದ್ದೆನೋ ಬಿದ್ದೆನೋ ಎಂದು ಓಡಿ, ತಂತಮ್ಮ ಚಪ್ಪಲಿಗೆ ಕಾಲು ತೂರಿಸಿ, ಗಲ್ಲಕ್ಕೆ ಇಳಿಸಿದ್ದ ಮಾಸ್ಕನ್ನು ಮೂಗಿಗೆ ಏರಿಸಿ ನಿಂತರು. ಎಲ್ಲರದ್ದೂ ಒಂದೇ ನೀಲಿ ಚೌಕಳಿ. ಶಾಲೆ ಮುಚ್ಚಿದ ಮೇಲೆ ಉಳಿದುಹೋದ ಸಮವಸ್ತ್ರದ ಬಟ್ಟೆಯಲ್ಲಿ ಇದೇ ದರ್ಜಿ ಬೀದಿಗೆಲ್ಲ ಹೊಲಿದುಕೊಟ್ಟದ್ದು. ಒಂದು ಶಾಲೆಯ ಮಕ್ಕಳೆಲ್ಲ ರಾತ್ರಿ ಕಳೆಯುವುದರೊಳಗೆ ದೊಡ್ಡವರಾಗಿ, ಕೆಲವರು ಮುದುಕರೂ ಆಗಿ, ಬೆಳಗಿನ ಪ್ರಾರ್ಥನೆಗೆ ನಿಂತ ಹಾಗಿತ್ತು.

“ಮನೆಗೆ ಹೋಗ್ರೀ ಮೊದ್ಲು!” ಎಂದು ಕೂಗಿದವಳು ಕಂಡಕ್ಟರಮ್ಮ. ಬಸ್ಸುಗಳು ನಿಂತಿದ್ದರೂ ಆಕೆಯ ಗಂಟಲು ನಿಂತಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದರು. ಆಕೆಗೆ ನಿಜವಾಗಿಯೂ ಭಯವಾಗಿತ್ತು.

“ಬಟ್ಟೆ ದೂಳು ಅಕ್ಕಾ. ಬೆಳಗಿಂದ ಕತ್ತರಿ ಆಡಿಸ್ತಾ ಇದ್ದೆ...”

“ದೂಳೋ ಗೀಳೋ! ನಿಮ್ಮಿಂದ ಬೀದಿಗೆಲ್ಲ ಹರಡಬೇಕಾ?”

“ನಮ್ಮವಳ ಔಷಧಿ ಇವತ್ತು ಬಂದಿದೆಯಂತೆ. ತಗೊಂಡು ಹೋಗಿಬಿಡ್ತೀನಿ.” ಎಲ್ಲರೂ ಮಾಸ್ಕನ್ನು ಇನ್ನಷ್ಟು ಬಿಗಿದುಕೊಂಡರು. “ಹೋಗ್ಲಿ, ಚಪ್ಪಲಿ ಆದ್ರೂ...” ಎಂದು ಆತ ಒಂದು ಹೆಜ್ಜೆ ಇಟ್ಟದ್ದೇ ತಡ, ಸಾಲಿಗೆ ಸಾಲೇ “ಹತ್ರ ಬರಬೇಡಿ!” ಎಂದು ಅರಚಿತು. ದರ್ಜಿ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ, ಅರ್ಧ ನಡೆದು ಅರ್ಧ ಕುಣಿದು, ತಿರುವಿನಲ್ಲಿ ಮರೆಯಾದ.

ಬೀದಿಯಲ್ಲಿ ಒಂದು ವಾಹನವೂ ಇರಲಿಲ್ಲ. ಬಿಸಿಲಿನ ಝಳಕ್ಕೆ ರಸ್ತೆ ನೀರಿನಂತೆ ಅಲುಗುತ್ತಿತ್ತು, ಬಿಳಿಯ ವೃತ್ತಗಳು ಅದರ ಮೇಲೆ ತೇಲುತ್ತಿದ್ದವು. ಕಂಡಕ್ಟರಮ್ಮನ ಮುಂದಿನ ವೃತ್ತದಲ್ಲಿ ದರ್ಜಿಯ ಚಪ್ಪಲಿ. ಕಿತ್ತ ಪಟ್ಟಿಗೆ ನೀಲಿ ದಾರದಲ್ಲಿ ಹಾಕಿದ ಹೊಲಿಗೆ ಎಷ್ಟು ಸಣ್ಣಗಿತ್ತೆಂದರೆ ಆಕೆ ಅದನ್ನೇ ನೋಡುತ್ತ ನಿಂತುಬಿಟ್ಟಳು.

“ಏನಮ್ಮಾ, ಮುಂದೆ ಹೋಗಿ, ಮುಂದೆ ಹೋಗಿ!” ಹಿಂದಿನಿಂದ ನಿವೃತ್ತ ಹೆಡ್‌ಮಾಸ್ತರರು ರೇಗಿದರು. ಜೀವಮಾನವೆಲ್ಲ ತಾನು ಹೇಳಿದ ಮಾತನ್ನು ಬೇರೆಯವರ ಬಾಯಲ್ಲಿ ಕೇಳುವುದು ಆಕೆಗೆ ಹೊಸತು. ಸಾಲು ಸರಿದಿತ್ತು. ಆಕೆ ಕೈಲಿದ್ದ ಕೊಡೆ ಮಡಚಿ ಅದರ ತುದಿಯಿಂದ ಎಡಗಾಲಿನದ್ದನ್ನು ಮುಂದಿನ ವೃತ್ತಕ್ಕೆ ನೂಕಿದಳು, ಆಮೇಲೆ ಬಲಗಾಲಿನದ್ದನ್ನು. ಖಾಲಿಯಾದ ಜಾಗಕ್ಕೆ ತಾನು ಹೋದಳು. ಇನ್ನೊಮ್ಮೆ ಸಾಲು ಸರಿಯಿತು. ಎಡ, ಬಲ. ನೂಕುತ್ತಿರುವುದು ತಾನೇ ಎಂದು ಗೊತ್ತಿದ್ದರೂ, ಯಾರೋ ಕಾಣದವರು ತಲೆ ತಗ್ಗಿಸಿಕೊಂಡು ತನ್ನ ಮುಂದೆ ನಡೆದಿದ್ದಾರೆ ಅನ್ನಿಸತೊಡಗಿತು. ಆಕೆ ಸ್ವಲ್ಪ ಹಿಂದೆ ಸರಿದು ಅವರಿಗೆ ಜಾಗ ಬಿಟ್ಟಳು.

“ಆಳೇ ಇಲ್ಲ, ಚಪ್ಪಲಿಗೆ ಎಂಥ ಮರ್ಯಾದೆ?” ಹೆಡ್‌ಮಾಸ್ತರರು ಮತ್ತೆ ಶುರುಮಾಡಿದರು. “ಚರಂಡಿಗೆ ತಳ್ಳಿ ಅತ್ಲಾಗೆ. ಅಂಗಡಿ ಮುಚ್ಚೋ ಹೊತ್ತಾಯ್ತು.”

“ಕರ್ಚೀಫ್ ಹಾಕಿದ ಸೀಟು ಯಾರದು ಸಾರ್?”

“ಇದೇನು ಬಸ್ಸೇನ್ರೀ?”

“ಕರ್ಚೀಫ್ ಹಾಕಿದವರದ್ದು. ಸುಮ್ನೆ ನಿಂತ್ಕೊಳಿ.”

ಹೆಡ್‌ಮಾಸ್ತರರು ಹುಬ್ಬೇರಿಸಿ ತಮ್ಮ ವೃತ್ತಕ್ಕೆ ಹಿಂದೆ ಸರಿದರು. ಹೇಳಿದವಳಿಗೂ ಆಶ್ಚರ್ಯವಾಯಿತು. ಓಡಿಸಿದವಳು ತಾನೇ, ಸೀಟು ಕಾಯುವವಳೂ ತಾನೇ.

“ಮುಂದಿನವರು?” ಅಂಗಡಿಯವನು ಕೇಳಿದ. ಉತ್ತರ ಬರದೆ ಪ್ಲಾಸ್ಟಿಕ್ ಪರದೆ ಸರಿಸಿ ಬಗ್ಗಿ ನೋಡಿದ. ವೃತ್ತದಲ್ಲಿ ಕಾಲಿಲ್ಲದ ಚಪ್ಪಲಿ. “ಇದು ದರ್ಜಿಯವರದ್ದಲ್ವಾ? ಎಲ್ಲಿ ಅವರು?”

ಸಾಲಿನಲ್ಲಿದ್ದ ನೀಲಿ ಚೌಕಳಿಗಳೆಲ್ಲ ಒಂದೊಂದು ದಿಕ್ಕಿಗೆ ತಿರುಗಿದವು.

“ಅವರ ಹೆಂಡ್ತೀದು ಉಬ್ಬಸಕ್ಕೆ ಸೇದೋ ಔಷಧಿ, ಅದನ್ನ ಕೊಡಿ,” ಎಂದಳು ಕಂಡಕ್ಟರಮ್ಮ. ಆಕೆಗೆ ಗೊತ್ತಿರದೆ ಇನ್ನಾರಿಗೆ ಗೊತ್ತು? ಎರಡು ಮನೆಗೂ ನಡುವೆ ಒಂದೇ ಗೋಡೆ. ಆ ಉಸಿರು ಹತ್ತಿ ಇಳಿಯುವುದನ್ನು ಆಕೆ ಮಲಗಿದಲ್ಲಿಂದಲೇ ಕೇಳುತ್ತಿದ್ದಳು. “ನಮ್ಮತ್ತೆ ಮಾತ್ರೆ ಆಮೇಲೆ. ಮೊದಲು ಅವರ ಸರದಿ.”

ಕೊಡೆಯ ತುದಿಗೆ ಚಪ್ಪಲಿ ಸಿಕ್ಕಿಸಿಕೊಂಡು ಆಕೆ ಬಂದಾಗ ದರ್ಜಿ ಹೊಸ್ತಿಲ ಮೇಲೆ ಕೂತು ಬಕೆಟ್ಟಿನ ನೀರಲ್ಲಿ ಕಾಲು ಇಳಿಬಿಟ್ಟಿದ್ದ. ಒಳಗಿನಿಂದ ಗೋಡೆಯಾಚೆಯ ಅದೇ ಉಸಿರು, ಇಲ್ಲಿ ಇನ್ನೂ ದೊಡ್ಡದಾಗಿ ಕೇಳಿಸುತ್ತಿತ್ತು. ಆಕೆಯನ್ನು ಕಂಡದ್ದೇ ಆತ ಮಾಸ್ಕು ಏರಿಸಿ, ಬೊಬ್ಬೆ ಎದ್ದ ಅಂಗಾಲು ಊರಲಾಗದೆ ಹಿಮ್ಮಡಿಯ ಮೇಲೆ ಹಿಂದೆ ಹಿಂದೆ ಸರಿದ.

“ಅಲ್ಲೇ ಇರಿ ಅಕ್ಕಾ, ಹತ್ರ ಬರಬೇಡಿ. ಮನೇಲಿ ನಿಮ್ಮತ್ತೆ ಇದಾರೆ.”

ಆಕೆ ಔಷಧಿಯನ್ನು ಹೊಸ್ತಿಲ ಮೇಲಿಟ್ಟಳು, ಪಕ್ಕದಲ್ಲಿ ಚಪ್ಪಲಿ ಜೋಡಿಸಿದಳು. ದರ್ಜಿಯ ಕಣ್ಣು ತುಂಬಿತು.

“ನಮಗೋಸ್ಕರ ಅಷ್ಟು ಹೊತ್ತು ಬಿಸಿಲಲ್ಲಿ ನಿಂತ್ರಾ ಅಕ್ಕಾ?”

ಬಸ್ಸಿನ ಕೊನೆಯ ಸೀಟಿಗೂ ಮುಟ್ಟುತ್ತಿದ್ದ ದನಿಯನ್ನು ಆಕೆ ಹೊಸ್ತಿಲು ದಾಟುವಷ್ಟಕ್ಕೆ ಇಳಿಸಿದಳು.

“ನಾನಲ್ಲ,” ಎಂದಳು. “ನೀವೇ ನಿಂತಿದ್ರಿ. ನನ್ನ ಕಣ್ಣ ಮುಂದೇನೇ.”